ಗಾಡಿಗೆ ಚಿತ್ರವಿರಲಿಲ್ಲ

"ಈಗ ನಾನು ಯಾವುದರ ಮೇಲೆ ಹೋಗ್ಲಿ?"

ತುರ್ದಿ ಇದನ್ನು ಯಾರನ್ನೂ ಕೇಳಲಿಲ್ಲ. ಸುಮ್ಮನೆ ಬಾಯಿಬಿಟ್ಟು ಅಂದ. ಗಾಡಿಯ ಹಿಡಿಕೆಗೆ ಹೊಟ್ಟೆ ಆನಿಸಿಕೊಂಡು ನಿಂತಿದ್ದ. ಗಾಡಿಯ ತುಂಬ ಹಿಟ್ಟಿನ ಮೂಟೆ. ತಂದೂರಿನವರು ಹಿಟ್ಟಿಗೆ ಕಾಯುತ್ತಿದ್ದರು.

ಎದುರಿಗೆ ಹೊಸ ರಸ್ತೆ. ಅವತ್ತೇ ತಗಡಿನ ಬೇಲಿ ತೆಗೆದಿದ್ದರು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಚಿತ್ರ ಬರೆದಿದ್ದರು. ಅಂಗಡಿಗಳ ಪಕ್ಕದ ಕಲ್ಲುಹಾಸಿನ ಮೇಲೆ ನಡೆಯುವ ಮನುಷ್ಯ. ಅದರಾಚೆ ಕೆಂಪು ಪಟ್ಟಿಯ ಮೇಲೆ ಸೈಕಲ್ಲು. ಅದರಾಚೆ ಬಸ್ಸು. ಅದರಾಚೆ ಕಾರುಗಳಿಗೆ ಬಾಣದ ಗುರುತು. ಕಲ್ಲುಹಾಸು ಇಳಿಜಾರಾಗುವ ಕಡೆ ನೀಲಿ ಚೌಕದಲ್ಲಿ ಗಾಲಿಕುರ್ಚಿಯ ಮನುಷ್ಯ. ಗಾಡಿ ತಳ್ಳುವವನ ಚಿತ್ರ ಎಲ್ಲೂ ಇರಲಿಲ್ಲ.

ನಾನು ಪಕ್ಕದಲ್ಲೇ ಇದ್ದೆ. ತುರ್ದಿ ನನ್ನ ಗಂಡ. ನನ್ನ ಕೈಯಲ್ಲಿ ಹೊಗೆಯ ಬಾಣಲೆ. ಯಾವುದರ ಮೇಲೆ ಅಂತ ನನಗೂ ಗೊತ್ತಿರಲಿಲ್ಲ.

"ಏ ಲ್ಯೂಲಿ, ನಿಂತಲ್ಲೇ ನಿದ್ದೆ ಹೋದ್ಯೇನೋ? ತಳ್ಳೋ!" ಹಿಂದಿನಿಂದ ಯಾರೋ ಕೂಗಿದರು.

ನಮ್ಮನ್ನು ನಾವು ಮುಗಾತ್ ಅಂದುಕೊಳ್ಳುತ್ತೇವೆ. ಬೇರೆ ಯಾರೂ ಹಾಗನ್ನುವುದಿಲ್ಲ. ಲ್ಯೂಲಿ ಅನ್ನುತ್ತಾರೆ. ಆ ಮಾತಿನೊಳಗೆ ಕಳ್ಳ, ಭಿಕಾರಿ, ಕೊಳಕ ಎಲ್ಲ ಸೇರಿವೆ. ಕೇಳಿ ಕೇಳಿ ಅದೇ ಹೆಸರಾಗಿದೆ. ಕರೆದರೆ ತಿರುಗಿ ನೋಡುತ್ತೇವೆ.

ತುರ್ದಿ ತಳ್ಳಿದ. ಎಲ್ಲಿಗೆ ತಳ್ಳಿದ ಅನ್ನುವುದು ಆಮೇಲೆ. ಮೊದಲು ರಸ್ತೆಯ ಮಾತು.

ಇದು ಬಜಾರಿನ ರಸ್ತೆ. ಹೊಳೆಯ ಸೇತುವೆಯಿಂದ ದೊಡ್ಡ ಮಸೀದಿಯ ತನಕ. ಮೊದಲು ಇದಕ್ಕೆ ಅಂಚೇ ಇರಲಿಲ್ಲ. ಬಸ್ಸು, ಕಾರು, ಕತ್ತೆ, ಸೈಕಲ್ಲು, ಕರ್ಬೂಜದ ರಾಶಿ, ಜನ, ಎಲ್ಲ ಒಂದರ ಮೈಮೇಲೆ ಒಂದು. ಬೇಸಿಗೆಯಲ್ಲಿ ಧೂಳು, ಹಿಮ ಕರಗಿದಾಗ ಕೆಸರು. ಮಕ್ಕಳು ಸತ್ತಿದ್ದಾರೆ ಅಲ್ಲಿ. ಹಳೇ ರಸ್ತೆ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಗಾಡಿಗೆ ಜಾಗ ಇತ್ತು, ಅಷ್ಟೇ. "ಪೋಶ್! ಪೋಶ್!" ಅಂತ ಕೂಗಬೇಕು. ದಾರಿ ಬಿಡಿ ಅಂತ. ಜನ ಬೈದುಕೊಂಡು ಸರಿಯುತ್ತಿದ್ದರು. ಬೈದರೂ ಸರಿಯುತ್ತಿದ್ದರು.

ತುರ್ದಿಯ ಅಪ್ಪನೂ ಅದನ್ನೇ ಕೂಗಿ ಬದುಕಿದ. ಗಾಡಿಯೂ ಅಪ್ಪನದೇ. ಹಿಪ್ಪುನೇರಳೆ ಮರದ ಚೌಕಟ್ಟು, ಹಳೇ ಮೋಟಾರ್ ಸೈಕಲ್ಲಿನ ಚಕ್ರ. ಅಪ್ಪ ಮಗ ಇಬ್ಬರ ಬೆವರು ಕುಡಿದು ಹಿಡಿಕೆ ಕಪ್ಪಾಗಿತ್ತು. ತುರ್ದಿಯ ಅಂಗೈ ಗೊರಸಿನಂತಾಗಿತ್ತು. ರಾತ್ರಿ ನನ್ನ ಕೆನ್ನೆ ಮುಟ್ಟಿದರೆ ತರಚುತ್ತಿತ್ತು. ಏರು ದಾರಿಯಲ್ಲಿ ತಳ್ಳಿ ತಳ್ಳಿ ಎಡಭುಜ ಕೆಳಗಿಳಿದು, ನಮಾಜಿಗೆ ಸಾಲಲ್ಲಿ ನಿಂತರೂ ವಾರೆಯಾಗಿಯೇ ನಿಲ್ಲುತ್ತಿದ್ದ.

ನನ್ನ ಕೆಲಸ ಹೊಗೆ. ಬಾಣಲೆಯಲ್ಲಿ ಕೆಂಡ, ಕೆಂಡದ ಮೇಲೆ ಒಣಗಿದ ಇಸಿರಿಕ್ ಸೊಪ್ಪು. ಗುಡ್ಡದ ಬೋಳು ನೆಲದಲ್ಲಿ ತಾನೇ ಹುಟ್ಟುವ ಗಿಡ ಅದು. ನಾನೇ ಕೊಯ್ದು ನೆರಳಲ್ಲಿ ಒಣಗಿಸುತ್ತೇನೆ. ಅಂಗಡಿಯ ತಕ್ಕಡಿಯ ಸುತ್ತ, ಹೊಸ ಕಾರಿನ ಸುತ್ತ, ಮಗುವಿನ ತಲೆಯ ಸುತ್ತ ಹೊಗೆ ಸುಳಿಸುತ್ತೇನೆ. ದೃಷ್ಟಿ ಹೋಗುತ್ತದೆ. ಜನ ರೊಟ್ಟಿ ಕೊಡುತ್ತಾರೆ, ಚಿಲ್ಲರೆ ಕೊಡುತ್ತಾರೆ. ಕೈಗೆ ಕೊಡುವುದಿಲ್ಲ. ಕೈಗೆ ಕೈ ತಾಗುತ್ತದೆ ಅಂತ ಬಾಣಲೆಯ ಅಂಚಿಗೆ ಎಸೆಯುತ್ತಾರೆ.

ಈ ಕೆಲಸ ಅಜ್ಜಿಯಿಂದ ಬಂದದ್ದು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಪದ್ಯ ಬರುತ್ತಿತ್ತು. ಚಳಿಗಾಲದಲ್ಲಿ ಒಲೆಯ ಮುಂದೆ ಕೂತಳೆಂದರೆ ಹಿಮ ನಿಂತರೂ ಅವಳ ಪದ್ಯ ನಿಲ್ಲುತ್ತಿರಲಿಲ್ಲ. ನಾನು ಕೇಳುತ್ತಿದ್ದೆ. ಕೇಳುವುದೊಂದೇ ನನಗೆ ಬಂದ ವಿದ್ಯೆ. ಹೊಗೆಗೂ ಒಂದು ಪದ ಇದೆ. ಬಿಸ್ಮಿಲ್ಲಾ ಅಂದು ಶುರು ಮಾಡಬೇಕು.

ಮನೆಯ ಕಣ್ಣು, ಹೊರಗಿನ ಕಣ್ಣು,
ಹೊಟ್ಟೆ ಉರಿದವರ ಕಣ್ಣು,
ಕಂಡೂ ಕಾಣದವರ ಕಣ್ಣು,
ಸುಟ್ಟು ಹೋಗಲಿ, ಹೊಗೆಯಾಗಲಿ, ಗಾಳಿ ಒಯ್ಯಲಿ.

ಅಜ್ಜಿ ಇನ್ನೂ ಒಂದು ಕಲಿಸಿದ್ದಳು. ಹೊಗೆ ಕೇಳಿದವರಿಗೆ ಇಲ್ಲ ಅನ್ನಬಾರದು. ಬೈದವನು ಕೇಳಲಿ, ಹೊಡೆದವನು ಕೇಳಲಿ, ಹಾಕಬೇಕು. ಹೊಗೆ ದೇವರದು, ನಾವು ಬಾಣಲೆ ಹಿಡಿಯುವವರು. ಆ ಮಾತನ್ನು ನಾನು ನಮಾಜಿನ ಹಾಗೆ ನಡೆಸಿಕೊಂಡು ಬಂದಿದ್ದೆ. ಮಾಂಸದಂಗಡಿಯವನು ಒಮ್ಮೆ ನನ್ನ ಮೇಲೆ ಉಗಿದ. ಮಾರನೆಯ ಶುಕ್ರವಾರ ಅವನೇ ಕರೆದ. ಹೋಗಿ ಹಾಕಿದೆ.

ರಸ್ತೆಯನ್ನು ಹೊಸದು ಮಾಡುತ್ತಾರಂತೆ ಅಂತ ಸುದ್ದಿ ಬಂದದ್ದು ಏಪ್ರಿಕಾಟ್ ಹೂ ಬಿಡುವ ಕಾಲದಲ್ಲಿ. ಮಸೀದಿಯ ಮುಂದೆ ಡೇರೆ ಹಾಕಿದರು. ಒಳಗೆ ಮೇಜಿನ ಮೇಲೆ ರಸ್ತೆಯ ಮಾದರಿ. ಕಡ್ಡಿಯ ಮರಗಳು, ಬೆರಳಷ್ಟು ಬಸ್ಸು, ಉಗುರಿನಷ್ಟು ಮನುಷ್ಯರು. ಅದನ್ನು ತೋರಿಸಲು ರಾಜಧಾನಿಯಿಂದ ಬೇಗಿಮಾಯ್ ಅನ್ನುವ ಹುಡುಗಿ ಬಂದಿದ್ದಳು. ರಸ್ತೆಯ ನಕ್ಷೆ ಬರೆಯುವುದು ಅವಳ ಕೆಲಸ. ಪಕ್ಕದಲ್ಲಿ ನಮ್ಮೂರಿನ ಅಧಿಕಾರಿ ಕುಬಾತ್‌ಬೆಕ್, ಹೊಟ್ಟೆಯ ಮೇಲೆ ಕೈಕಟ್ಟಿಕೊಂಡು.

ಎಲ್ಲರೂ ಬನ್ನಿ, ಎಲ್ಲರೂ ಹೇಳಿ ಅಂದಿದ್ದರು. ನಾವೂ ಹೋದೆವು. ತುರ್ದಿ ಎರ್ಗಾಶನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಬಂದ.

ಎರ್ಗಾಶ್ ಚಪ್ಪಲಿ ಹೊಲಿಯುವವನು. ಎರಡೂ ಕಾಲನ್ನು ಸೈನ್ಯದಲ್ಲಿ ಬಿಟ್ಟು ಬಂದವನು. ಗಾಲಿಕುರ್ಚಿ ಇತ್ತು. ಆದರೆ ರಸ್ತೆ ದಾಟುವುದಕ್ಕೆ ಆಗುತ್ತಿರಲಿಲ್ಲ. ಹೊಂಡಕ್ಕೆ ಬಿದ್ದರೆ ಕುರ್ಚಿ ಮಗುಚಿಕೊಳ್ಳುತ್ತಿತ್ತು. ಅದಕ್ಕೆ ತುರ್ದಿ ದಿನವೂ ಅವನನ್ನು ಕುರ್ಚಿ ಸಮೇತ ಎತ್ತಿ ಗಾಡಿಗೆ ಹಾಕಿಕೊಂಡು ದಾಟಿಸುತ್ತಿದ್ದ. "ಪೋಶ್! ಪೋಶ್! ಜನರಲ್ ಸಾಹೇಬರ ಸವಾರಿ!" ಎರ್ಗಾಶ್ ಮೇಲಿಂದ ಸಲಾಂ ಹೊಡೆಯುತ್ತಿದ್ದ. ಬಜಾರು ನಗುತ್ತಿತ್ತು. "ನಾನು ಹೊಲಿಯೋ ಚಪ್ಪಲಿ ನನಗಂತೂ ಬೇಡ. ಅದಕ್ಕೇ ಕಣ್ರೀ ನಿಯತ್ತಾಗಿ ಹೊಲೀತೀನಿ," ಅನ್ನುತ್ತಿದ್ದ.

ಬೇಗಿಮಾಯ್ ಎಲ್ಲ ತೋರಿಸಿದಳು. ಒಳ್ಳೇ ಹುಡುಗಿ. ದನಿ ಮೆತ್ತಗಿತ್ತು. "ಈ ರಸ್ತೆ ಕಾರಿನವರಿಗೆ ಮಾತ್ರ ಅಲ್ಲ. ನಡೆಯೋರಿಗೆ, ಸೈಕಲ್ನೋರಿಗೆ, ಬಸ್ಸಿಗೆ ಕಾಯೋರಿಗೆ, ಮಗೂನ ತಳ್ಕೊಂಡು ಹೋಗೋ ತಾಯಂದಿರಿಗೆ, ಕಣ್ಣು ಕಾಣದೋರಿಗೆ. ನೋಡಿ ಅಣ್ಣ, ಇದು ನಿಮಗೆ," ಅಂತ ಎರ್ಗಾಶನಿಗೆ ಇಳಿಜಾರನ್ನು ತೋರಿಸಿದಳು. ಎರ್ಗಾಶ್ ಬೆರಳಿಟ್ಟು ಆ ಇಳಿಜಾರನ್ನು ಸವರಿದ. ಏನೂ ಜೋಕು ಹೇಳಲಿಲ್ಲ.

ತುರ್ದಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಗಾಡಿ ಎಲ್ಲಿ ತಂಗಿ?"

"ಯಾವ ಗಾಡಿ?"

"ನನ್ನದು. ಹೊರಗೆ ನಿಂತಿದೆಯಲ್ಲ."

ಅವಳು ಹೊರಗೆ ನೋಡಿದಳು. ಆಮೇಲೆ ಮಾದರಿ ನೋಡಿದಳು. "ಸಾಮಾನು ಇನ್ಮುಂದೆ ಹಿಂದಿನ ಬೀದಿಯಿಂದ ಲಾರೀಲಿ ಬರುತ್ತೆ ಅಣ್ಣ."

"ಮತ್ತೆ ನಾನು?"

"ನೀವು ನಡೆಯೋರ ಲೆಕ್ಕದಲ್ಲಿ ಇದೀರಲ್ಲ. ಕಲ್ಲುಹಾಸು ನಿಮಗೂ ಸೇರಿದ್ದು."

"ಗಾಡಿ ಬಿಟ್ಟು ಎಲ್ಲಿಗೆ ನಡೀಲಿ?"

ಡೇರೆ ನಕ್ಕಿತು. "ಲ್ಯೂಲಿಗೆ ಗಾಳಿ ಸೇವನೆಗೆ ದಾರಿ ಮಾಡವ್ರೆ, ಹೋಗೋ!" ಅಂದ ಒಬ್ಬ. ಕುಬಾತ್‌ಬೆಕ್ ಕೈಯೆತ್ತಿದ. "ಆಯ್ತು ಆಯ್ತು, ಅದನ್ನೆಲ್ಲ ನೋಡೋಣ. ಏ ತಾಯಿ, ಬಾಣಲೆ ಹಿಡ್ಕೊಂಡು ಸುಮ್ನೆ ನಿಂತಿದೀಯಲ್ಲ, ಹೊಗೆ ಹಾಕು. ಕೆಲಸ ಸುಸೂತ್ರ ಆಗ್ಲಿ."

ಕೇಳಿದರು. ಹಾಕಿದೆ. ಕಡ್ಡಿಯ ಮರಗಳ ಮೇಲೆ, ಉಗುರಿನ ಮನುಷ್ಯರ ಮೇಲೆ ಹೊಗೆ ಸುಳಿಸಿದೆ. ಪದ ಹೇಳಿದೆ. ಬೇಗಿಮಾಯ್ ಕಣ್ಣು ಮುಚ್ಚಿ ಹೊಗೆಯನ್ನು ಮುಖಕ್ಕೆ ಎಳೆದುಕೊಂಡಳು. ಮೇಜಿನ ಮೇಲಿದ್ದ ರೊಟ್ಟಿಯನ್ನು ತೆಗೆದು ನನ್ನ ಕೈಗೇ ಕೊಟ್ಟಳು. ಅವಳ ಬೆರಳು ತಣ್ಣಗಿತ್ತು.

ಆಮೇಲೆ ಅವಳು ರಾಜಧಾನಿಗೆ ಹೋದಳು. ನೋಡೋಣ ಅಂದವನು ನೋಡಲಿಲ್ಲ.

ರಸ್ತೆ ಅಗೆದರು. ಲಾರಿಗಳು ಒಳಗೆ ಬರುವಂತಿರಲಿಲ್ಲ. ಸೇತುವೆಯ ಬಳಿ ಸುರಿದ ಕಲ್ಲನ್ನು ಒಳಗೆ ಸಾಗಿಸಲು ಗಾಡಿಗಳೇ ಬೇಕಾದವು. ಬೇಸಿಗೆಯೆಲ್ಲ ತುರ್ದಿ ಕಲ್ಲು ತಳ್ಳಿದ. ನಡೆಯುವವರ ಕಲ್ಲುಹಾಸಿನ ಕಲ್ಲು, ಅಂಚುಗಲ್ಲು, ಮರದ ಸಸಿ. ಕೊನೆಗೆ ಕಬ್ಬಿಣದ ಗಿಡ್ಡ ಕಂಬಗಳು. ಕಾರುಗಳು ಕಲ್ಲುಹಾಸಿನ ಮೇಲೆ ಹತ್ತದ ಹಾಗೆ ಉದ್ದಕ್ಕೂ ನೆಡುವ ಕಂಬ. ಒಂದೊಂದನ್ನೂ ಎದೆಗೆ ಅಪ್ಪಿಕೊಂಡು ಇಳಿಸುತ್ತಿದ್ದ. ರಾತ್ರಿ ಅಂಗಿ ಬಿಚ್ಚಿದರೆ ಎದೆಯ ಮೇಲೆ ಕಂಬದ ಗುರುತು. ನಾನು ಕುರಿಕೊಬ್ಬು ಕಾಯಿಸಿ ತಿಕ್ಕುತ್ತಿದ್ದೆ. "ಸಾಯ್ಲಿ, ರಸ್ತೆ ಚೆನ್ನಾಗಾಗ್ತಿದೆ ಕಣೇ," ಅನ್ನುತ್ತಿದ್ದ.

ಚೆನ್ನಾಗೇ ಆಯಿತು.

ಬೇಲಿ ತೆಗೆದ ದಿನ ಎರ್ಗಾಶ್ ಇಳಿಜಾರಿನಲ್ಲಿ ತಾನೇ ಇಳಿದ. ತಾನೇ ದಾಟಿದ. ಆ ಕಡೆ ಹೋಗಿ ತಿರುಗಿ ಮತ್ತೆ ಈ ಕಡೆ ಬಂದ. ಮತ್ತೆ ಆ ಕಡೆ. ಯಾವ ಕೆಲಸವೂ ಇರಲಿಲ್ಲ. ಸುಮ್ಮನೆ ದಾಟುತ್ತಿದ್ದ. ಅಳುತ್ತಿದ್ದ. ನಾನೂ ಅತ್ತೆ. ಆ ಖುಷಿಯನ್ನು ನಾನು ಕಿತ್ತುಕೊಳ್ಳಲಾರೆ. ಅದು ಅವನದು.

ಅದೇ ಹೊತ್ತಿಗೆ ತುರ್ದಿ ಹಿಟ್ಟಿನ ಗಾಡಿ ತಂದು ನಿಂತದ್ದು. ಯಾವುದರ ಮೇಲೆ ಹೋಗಲಿ ಅಂದದ್ದು.

ಮೊದಲು ಕಲ್ಲುಹಾಸಿಗೆ ತಳ್ಳಿದ. ಕಂಬಗಳ ನಡುವೆ ಎರ್ಗಾಶನ ಕುರ್ಚಿ ನುಸುಳುತ್ತಿತ್ತು. ಗಾಡಿ ನುಸುಳಲಿಲ್ಲ. ಸಿಕ್ಕಿಕೊಂಡಿತು. ತಾನೇ ಹೊತ್ತು ತಂದ ಕಂಬ. ನೀಲಿ ಅಂಗಿಯ ಕಾವಲಿನವನು ಸೀಟಿ ಊದಿದ. "ಇದು ನಡೆಯೋರಿಗೆ! ಇಳಿಸು!" ಕೆಂಪು ಪಟ್ಟಿಗೆ ಇಳಿಸಿದ. ಅಲ್ಲಿ ಇನ್ನೊಂದು ಸೀಟಿ. "ಸೈಕಲ್ ಪಟ್ಟಿ ಅದು! ಕಣ್ಣು ಕಾಣ್ಸಲ್ವಾ? ಚಿತ್ರ ನೋಡು!" ಬಸ್ಸಿನ ಪಟ್ಟಿಗೆ ಇಳಿಸಿದ. ಬಸ್ಸು ಹಾರನ್ ಮಾಡಿತು. ಕೊನೆಗೆ ಕಾರುಗಳ ಬಾಣದ ಮೇಲೆ ಹೋದ. ಅಲ್ಲಿ ಸೀಟಿ ಇರಲಿಲ್ಲ. ಹಾರನ್ ಮಾತ್ರ. ಹಾರನ್ನಿಗೆ ನಾವು ಹೆದರುವುದಿಲ್ಲ. ಹುಟ್ಟಿದ್ದೇ ಅದನ್ನು ಕೇಳಿಕೊಂಡು.

ಹಿಂದಿನ ಬೀದಿಯ ಲಾರಿ ಬರಲೇ ಇಲ್ಲ. ಅಂಗಡಿಯವರಿಗೆ ಸಾಮಾನು ಬೇಕಿತ್ತು. "ತುರ್ದಿ, ತಗೊಂಬಾರೋ," ಅಂತ ಕಳಿಸುತ್ತಿದ್ದರು. ತಂದರೆ, "ಅಂಗಡಿ ಮುಂದೆ ನಿಲ್ಲಿಸ್ಬೇಡ, ಕಾವಲಿನೋನು ನನಗೆ ಬೈತಾನೆ," ಅನ್ನುತ್ತಿದ್ದರು. ಹಾಗೇ ನಡೆಯುತ್ತಿತ್ತು. ಉಳಿದ ಗಾಡಿಯವರು ಒಬ್ಬೊಬ್ಬರೇ ಬಿಟ್ಟರು. ಕೆಲವರು ರದ್ದಿ ಆಯಲು ಹೋದರು. ಕೆಲವರು ರಷ್ಯಾಕ್ಕೆ ಹೋದರು. ತುರ್ದಿ ಬಿಡಲಿಲ್ಲ. ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ.

ದಾಳಿಂಬೆ ಬರುವ ಕಾಲ. ಬೆಳಿಗ್ಗೆ. ನಾನು ರತ್ನಗಂಬಳಿಯ ಅಂಗಡಿಯಲ್ಲಿ ಹೊಗೆ ಹಾಕುತ್ತಿದ್ದೆ. ತುರ್ದಿ ಹಿಂದೆ ಎಲ್ಲೋ ಬರುತ್ತಿದ್ದ. ನಾನು ಅವನನ್ನು ನೋಡುವುದಿಲ್ಲ, ಕೇಳುತ್ತೇನೆ. ಬಜಾರಿನಲ್ಲಿ ನಾವು ಹಾಗೆಯೇ ಜೊತೆಗಿರುತ್ತಿದ್ದದ್ದು. ಪೋಶ್. ಪೋಶ್. ಹತ್ತಿರವಾಯಿತು. ಪೋಶ್. ಆಮೇಲೆ ಬರಬೇಕಾದದ್ದು ಬರಲಿಲ್ಲ.

ಬಾಣಲೆ ಎಲ್ಲಿ ಬಿತ್ತೋ ಗೊತ್ತಿಲ್ಲ.

ಹಿಂದಿನಿಂದ ವ್ಯಾನು ತಗುಲಿತ್ತು. ಬಾಡಿಗೆಗೆ ಜನ ತುಂಬುವ ವ್ಯಾನು. ಬಸ್ಸನ್ನು ಬಳಸಿಕೊಂಡು ಬಂದವನಿಗೆ ಗಾಡಿ ಕಾಣಲಿಲ್ಲ. ತುರ್ದಿ ಅಂಗಡಿಗಳ ಕಡೆ ಪಕ್ಕಕ್ಕೆ ಸರಿಯಲು ನೋಡಿದ್ದಾನೆ. ಕೆಂಪು ಪಟ್ಟಿ ದಾಟಿದ ಮೇಲೆ ಸರಿಯಲು ಪಕ್ಕ ಇರಲಿಲ್ಲ. ಕಂಬಗಳಿದ್ದವು. ವ್ಯಾನು ನೂಕಿದ ಗಾಡಿ ಅವನನ್ನು ಕಂಬಕ್ಕೆ ಒತ್ತಿ ಹಿಡಿದಿತ್ತು. ಹಿಟ್ಟಿನ ಮೂಟೆಗಳೆಲ್ಲ ಒಡೆದಿದ್ದವು. ಕೆಂಪು ಪಟ್ಟಿ ಬೆಳ್ಳಗಾಗಿತ್ತು. ಸೈಕಲ್ಲಿನ ಚಿತ್ರ ಮುಚ್ಚಿಹೋಗಿತ್ತು. ತುರ್ದಿಯ ಮುಖದ ಮೇಲೂ ಹಿಟ್ಟು, ರೆಪ್ಪೆಯ ಮೇಲೂ.

"ಮೂಟೆ ಒಡೀತಾ?" ಅಂದ.

"ಇಲ್ಲ," ಅಂದೆ.

ಸುತ್ತ ಜನ ಫೋನು ಎತ್ತಿ ಹಿಡಿದಿದ್ದರು. ಯಾರೂ ಮುಟ್ಟಲಿಲ್ಲ. ನಾನೊಬ್ಬಳೇ ಗಾಡಿ ತಳ್ಳಿದೆ. ಅಲುಗಲಿಲ್ಲ. ಆಗ ಎರ್ಗಾಶ್ ಬಂದ. ಇಳಿಜಾರಿನಲ್ಲಿ ಇಳಿದು, ಹಿಟ್ಟಿನ ಮೇಲೆ ಗಾಲಿಯ ಗೆರೆ ಎಳೆದುಕೊಂಡು ಬಂದ. ಕುರ್ಚಿಯಿಂದ ನೆಲಕ್ಕೆ ಬಿದ್ದ. ಕೈಯೂರಿ ತೆವಳಿ ಬಂದು ಚಕ್ರಕ್ಕೆ ಹೆಗಲು ಕೊಟ್ಟ. ಆಮೇಲೆ ಜನರ ಕಡೆ ತಿರುಗಿ ಕೂಗಿದ. "ಪೋಶ್! ಪೋಶ್, ನಿಮ್ಮ ಮನೆ ಹಾಳಾಗ! ಪೋಶ್!" ಆಗ ಸರಿದರು.

ಸೊಂಟದ ಮೂಳೆ ಪುಡಿಯಾಗಿದೆ ಅಂದರು ಆಸ್ಪತ್ರೆಯಲ್ಲಿ. ಇನ್ನು ಎದ್ದು ನಿಲ್ಲುವುದಿಲ್ಲ ಅಂದರು. ಸಂಚಾರ ವಿಭಾಗದವನು ವರಾಂಡಕ್ಕೆ ಬಂದ. ಟೋಪಿ ತೆಗೆಯಲಿಲ್ಲ.

"ತಪ್ಪು ನಿನ್ನ ಗಂಡಂದೇ. ಗಾಡಿ ಅಲ್ಲಿ ಇರಬಾರದಿತ್ತು."

"ಎಲ್ಲಿ ಇರಬೇಕಿತ್ತು ಸಾಹೇಬ್ರೆ?"

"ಎಲ್ಲೂ ಇರಬಾರದಿತ್ತು."

ಇದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದ.

ಗಾಡಿಯನ್ನು ಎಳೆದುಕೊಂಡು ಹೋಗಿ ಊರಾಚೆ ತಂತಿಬೇಲಿಯ ಅಂಗಳದಲ್ಲಿ ಹಾಕಿದರು. ನಾನು ಕೇಳಲು ಹೋಗುತ್ತಿದ್ದೆ. ಬಾಗಿಲಿನವನು ನಾಳೆ ಬಾ ಅನ್ನುತ್ತಿದ್ದ. ನಾಳೆ ಹೋದರೆ ಸಾಹೇಬರಿಲ್ಲ ಅನ್ನುತ್ತಿದ್ದ. ತಂತಿಗೆ ಮುಖ ಒತ್ತಿ ನೋಡಿದರೆ ಗಾಡಿ ಕಾಣುತ್ತಿತ್ತು. ಚೌಕಟ್ಟು ಗಟ್ಟಿಯಾಗೇ ಇತ್ತು. ಚಕ್ರ ಒಂದು ಸೊಟ್ಟಗಾಗಿತ್ತು, ಬಡಿದರೆ ಸರಿಹೋಗುವಷ್ಟು. ಮೊದಲು ಅದರ ಮೇಲೆ ಎಲೆ ಬಿತ್ತು. ಆಮೇಲೆ ಹಿಮ ಬಿತ್ತು. ಆಮೇಲೆ ಕಾವಲಿನ ನಾಯಿ ಅದರೊಳಗೆ ಮಲಗಲು ಶುರು ಮಾಡಿತು.

ತುರ್ದಿ ಮನೆಯಲ್ಲಿ ಜಗಲಿಯ ಮೇಲೆ ಮಲಗಿರುತ್ತಿದ್ದ. ನಮ್ಮ ಕೇರಿ ಗುಡ್ಡದ ಬೆನ್ನಿಗಿದೆ. ಹೊಸ ರಸ್ತೆಯ ಟಾರು ಕೆಳಗೇ ಮುಗಿಯುತ್ತದೆ. ಅಲ್ಲಿಂದ ಮೇಲೆ ಮಣ್ಣು. ಬಹಿರ್ದೆಸೆಗೆ ಅವನನ್ನು ನಾನು ಬೆನ್ನ ಮೇಲೆ ಹೊರುತ್ತಿದ್ದೆ. ನನ್ನ ಕಿವಿಯ ಹತ್ತಿರ ಹಲ್ಲು ಕಚ್ಚುತ್ತಿದ್ದ. ನೋವಿಗಲ್ಲ. ಶುಕ್ರವಾರ ಕೆಳಗಿನಿಂದ ಆಜಾನ್ ಕೇಳಿದರೆ ಮುಖ ಆ ಕಡೆ ತಿರುಗಿಸುತ್ತಿದ್ದ. ಗಾಡಿಯೊಂದಿದ್ದರೆ ಹಾಸಿಗೆ ಹಾಸಿ, ಮಲಗಿಸಿಕೊಂಡು ಮಸೀದಿಗೆ ತಳ್ಳಿಕೊಂಡು ಹೋಗಬಹುದಿತ್ತು. ಹೊಳೆ ತೋರಿಸಬಹುದಿತ್ತು. ತಳ್ಳುವುದು ನನಗೇನು ಕಷ್ಟ? ಹೊರುವುದಕ್ಕಿಂತ ಹಗುರ.

ಸಂಜೆ ನಾನು ಬಂದರೆ "ಗಾಡಿ?" ಅನ್ನುತ್ತಿದ್ದ. "ನಾಳೆ," ಅನ್ನುತ್ತಿದ್ದೆ. ಹಿಮ ಬಿದ್ದ ಮೇಲೆ ಕೇಳುವುದನ್ನು ಬಿಟ್ಟ.

ನನಗೂ ಏನೋ ಆಗಿತ್ತು. ಹೊಗೆಗೆ ಹೋಗುತ್ತಿದ್ದೆ. ಬೇರೆ ಬಾಣಲೆ. ರಸ್ತೆಯಲ್ಲಿ ಅದೇ ಕಂಬದ ಪಕ್ಕ ಹಾಯುತ್ತಿದ್ದೆ. ಕಾಲು ತಾನಾಗಿ ನಡೆಯುತ್ತಿತ್ತು. ಪದ ಬಾಯಿಗೆ ಬರುತ್ತಿತ್ತು, ಒಳಗೆ ಯಾರೂ ಹೇಳುತ್ತಿರಲಿಲ್ಲ. ನಮಾಜಿಗೆ ನಿಂತರೆ ಹಣೆ ನೆಲ ಮುಟ್ಟುತ್ತಿತ್ತು, ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಒಂದು ದಿನ ಬೇಕರಿಯ ಮುದುಕಿ ಚೀರಿದಳು. "ಅಯ್ಯೋ ಬಿಬಿ, ನಿನ್ನ ಬೆರಳು!" ನೋಡಿದೆ. ಕೆಂಡವನ್ನು ಬರಿಗೈಯಲ್ಲಿ ಸರಿಸುತ್ತಿದ್ದೆ. ಚರ್ಮ ಬೆಳ್ಳಗೆ ಎದ್ದಿತ್ತು. ನೋವೇ ಇರಲಿಲ್ಲ.

ಹೊಸವರ್ಷದ ಹಬ್ಬ ನವ್ರೂಜ್ ಹತ್ತಿರ ಬಂತು. ಹಿಮ ಕರಗಿ ಕೇರಿಯೆಲ್ಲ ಕೆಸರು. ಹಬ್ಬದ ದಿನವೇ ರಸ್ತೆಯನ್ನು ದೊಡ್ಡವರನ್ನು ಕರೆಸಿ ಉದ್ಘಾಟನೆ ಮಾಡುತ್ತಾರೆ, ಪರದೇಶದವರೂ ಬರುತ್ತಾರೆ ಅಂತ ಬಜಾರು ಮಾತಾಡುತ್ತಿತ್ತು. ಹಬ್ಬಕ್ಕೆ ಎರಡು ದಿನವಿದೆ ಅನ್ನುವಾಗ, ಮಧ್ಯಾಹ್ನ, ಕುಬಾತ್‌ಬೆಕ್ ನಮ್ಮ ಮನೆಗೆ ಬಂದ.

ನಮ್ಮ ಕೇರಿಗೆ ಅವನು ಬಂದದ್ದು ಅದೇ ಮೊದಲು. ಕಾರನ್ನು ಟಾರು ಮುಗಿಯುವಲ್ಲೇ ಬಿಟ್ಟು ಕೆಸರಲ್ಲಿ ಹತ್ತಿದ್ದ. ಬೂಟು ಮುಳುಗಿತ್ತು. ಪ್ಯಾಂಟನ್ನು ಬೆರಳಲ್ಲಿ ಎತ್ತಿ ಹಿಡಿದಿದ್ದ. ಬಗಲಲ್ಲಿ ಕಾಗದ ಸುತ್ತಿದ ಗಂಟು. ಎರ್ಗಾಶನನ್ನೂ ಕಾರಲ್ಲಿ ಕರೆತಂದಿದ್ದ. ಆದರೆ ಕೆಸರಲ್ಲಿ ಕುರ್ಚಿ ಹತ್ತಲಿಲ್ಲ. ಎರ್ಗಾಶ್ ಕೆಳಗೇ ಉಳಿದಿದ್ದ. ಅಲ್ಲಿಂದಲೇ ಕೂಗಿದ.

"ಬಿಬೀ! ನನ್ನ ಬೈಬೇಡ! ಬಾ ಅಂತ ಎಳ್ಕೊಂಬಂದ್ರು! ಇಲ್ಲಿ ಇಳಿಜಾರು ಮಾಡೋದು ಮರೆತವ್ರೆ!"

ಕುಬಾತ್‌ಬೆಕ್ ಜಗಲಿಯ ಅಂಚಿಗೆ ಕೂತ. ತುರ್ದಿಯ ಕಾಲಿನ ಕಡೆ ನೋಡಿದ, ಬೇಗ ಬೇರೆ ಕಡೆ ನೋಡಿದ. ನಾನು ಚಹಾ ಕೊಟ್ಟೆ. ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡ. ಕುಡಿಯಲಿಲ್ಲ.

"ಹೇಗಿದೀಯಪ್ಪಾ?"

ತುರ್ದಿ ಸೂರು ನೋಡುತ್ತಿದ್ದ.

"ನೋಡಿ ತಾಯಿ," ಅಂತ ನನ್ನ ಕಡೆ ತಿರುಗಿದ. ಮೊದಲ ಸಲ ನನಗೆ ಬಹುವಚನ ಬಂದಿತ್ತು. "ಅಂಗಡಿಯೋರು ಹೆದರಿದಾರೆ. ಮೊದಲು ನಿಮ್ಮ ಮನೆಯೋರದ್ದಾಯ್ತು. ಆಮೇಲೆ ಸೈಕಲ್ ಪಟ್ಟೀಲಿ ಒಬ್ಬ ಹುಡುಗಿ ಬಿದ್ದಳು. ಇಷ್ಟು ಚೆಂದದ ರಸ್ತೆ, ಕಣ್ಣು ಬಿದ್ದಿದೆ ಅಂತಿದಾರೆ. ಹೊಗೆ ಹಾಕದೆ ಉದ್ಘಾಟನೆ ಬೇಡ ಅಂತ ಪಟ್ಟು ಹಿಡಿದಿದಾರೆ. ಇಸಿರಿಕ್ ಅಂದ್ರೆ ನಮ್ಮ ಸಂಸ್ಕೃತಿ ಅಲ್ವಾ? ಬಂದೋರಿಗೂ ಚೆನ್ನಾಗಿ ಕಾಣುತ್ತೆ. ಟಿವಿಯೋರು ಇರ್ತಾರೆ. ನೀವು ಒಂದು ಒಳ್ಳೇ ಬಟ್ಟೆ ಉಟ್ಕೊಂಡು ಮುಂದೆ ನಡೀಬೇಕು. ಅಷ್ಟೇ."

"ಅಷ್ಟೇನಾ?"

"ಮತ್ತೆ... ಹೊಗೆ ಹಾಕೋವಾಗ ಎರಡು ಮಾತು. ನನ್ನ ಗಂಡನಿಗೆ ಆದದ್ದು ದೃಷ್ಟಿಯಿಂದ. ಈಗ ತೆಗೆದಿದೀನಿ, ಇನ್ನು ಈ ರಸ್ತೇಲಿ ಯಾರಿಗೂ ಏನೂ ಆಗಲ್ಲ. ನೀವೇ ಹೇಳಿದ್ರೆ ಜನ ನಂಬ್ತಾರೆ. ಬೇರೆಯೋರು ಹೇಳಿದ್ರೆ ಆಗಲ್ಲ."

ಕಾಗದ ಬಿಚ್ಚಿದ. ಒಳಗೆ ಹೊಸ ಬಾಣಲೆ. ತಾಮ್ರದ್ದು. ಮಿರಮಿರ ಹೊಳೆಯುತ್ತಿತ್ತು. ಹಿಡಿಗೆ ಕೆಂಪು ಪಟ್ಟಿ ಕಟ್ಟಿದ್ದರು.

"ಇದು ನಿಮಗೆ. ಆಮೇಲೆ ಗಾಡಿ. ಅವತ್ತು ಸಂಜೇನೇ ನಿಮ್ಮ ಬಾಗಿಲಲ್ಲಿ ಇರುತ್ತೆ. ಚಕ್ರ ರಿಪೇರಿ ಮಾಡ್ಸಿ ಕೊಡ್ತೀವಿ. ನನ್ನ ಮಾತು."

ತುರ್ದಿಯ ಕಣ್ಣು ಸೂರಿನಿಂದ ಇಳಿಯಿತು. ಬಹಳ ದಿನದ ಮೇಲೆ ಅವನ ಬಾಯಿಂದ ದನಿ ಬಂತು. ಒಣಗಿದ ದನಿ.

"ನಾಯಿ ಮಲಗ್ತಿದೆಯಂತೆ ಅದರಲ್ಲಿ."

ಅಷ್ಟೇ ಅಂದ. ಇವನಿಗೆ ಗಾಡಿ ಬೇಕು. ನನಗೆ ಗೊತ್ತು. ಆ ಗಾಡಿ ಬಂದರೆ ಇವನು ಅಂಗಳ ದಾಟುತ್ತಾನೆ. ಬರದಿದ್ದರೆ ಇದೇ ಸೂರು, ಇದೇ ನನ್ನ ಬೆನ್ನು, ಸಾಯುವ ತನಕ.

"ಗಾಡಿ ಬಂದ್ರೆ ಎಲ್ಲಿ ತಳ್ಳಲಿ?" ಅಂತ ಕೇಳಿದೆ. "ಇವರನ್ನ ಮಲಗಿಸ್ಕೊಂಡು ಮಸೀದಿಗೆ ಹೋಗ್ಬೇಕು. ಆ ರಸ್ತೇಲೇ ಹೋಗ್ಬೇಕು. ಯಾವ ಪಟ್ಟಿ?"

ಕುಬಾತ್‌ಬೆಕ್ ಬಟ್ಟಲನ್ನು ಕೆಳಗಿಟ್ಟ. "ರಸ್ತೆಗೆ ತರೋ ಹಾಗಿಲ್ಲ ತಾಯಿ. ಅದು ನನ್ನ ಕೈಲಿಲ್ಲ. ಕೇರಿ ಒಳಗೆ ಇಟ್ಕೊಳ್ಳಿ."

"ಕಂಬ ಒಂದು ಕಿತ್ರೆ ಗಾಡಿ ಹಿಡಿಯುತ್ತೆ."

"ಕಂಬ ಕೀಳೋಕಾಗುತ್ತಾ? ಇದೇನು ನಿಮ್ಮ ಹಿತ್ತಲಾ?" ನಕ್ಕ. ನಗುವುದನ್ನು ಅಲ್ಲೇ ನಿಲ್ಲಿಸಿದ. "ಕೇಳಿ. ಹೊಗೆ ಕೇಳಿದ್ರೆ ನಿಮ್ಮೋರು ಇಲ್ಲ ಅನ್ನೋ ಹಾಗಿಲ್ಲವಂತೆ. ಎರ್ಗಾಶ್ ಹೇಳಿದ. ಅದಕ್ಕೇ ನಾನೇ ಬಂದು ಕೇಳ್ತಿದೀನಿ. ಕೇಳಿದೀನಿ ನೋಡಿ ಈಗ."

ಹೌದು, ಹಾಗಿಲ್ಲ. ಅಜ್ಜಿಯ ಅಜ್ಜಿಯಿಂದ ಬಂದ ಮಾತು. ನಾನು ಅದನ್ನು ಒಂದು ಸಲವೂ ಮುರಿದವಳಲ್ಲ. ಅವನು ಬಾಣಲೆಯನ್ನು ನನ್ನ ಕಡೆ ತಳ್ಳಿದ. ಕೈಗೆ ಕೊಡಲಿಲ್ಲ. ಜಗಲಿಯ ಮೇಲಿಟ್ಟು ಬೆರಳ ತುದಿಯಿಂದ ತಳ್ಳಿದ. ತಾಮ್ರ ಬಿಸಿಲಿಗೆ ಕಾದಿತ್ತು. ನಾನು ಅದರ ಅಂಚು ಮುಟ್ಟಿದೆ. ಸುಟ್ಟ ಬೆರಳು ಚುರ್ ಅಂತು. ಚಳಿಗಾಲವೆಲ್ಲ ಇಲ್ಲದ ನೋವು ಅಲ್ಲಿಂದ ಶುರುವಾಗಿ ಮೊಣಕೈ ತನಕ ಬಂತು.

ಕೆಳಗಿನಿಂದ ಎರ್ಗಾಶ್ ಕೂಗಿದ. "ಏನಂದ್ಲು? ಒಪ್ಪಿದ್ಲಾ?"

ನಾನು ಬಾಣಲೆಯನ್ನು ಕಾಗದದಲ್ಲಿ ಮತ್ತೆ ಸುತ್ತಿದೆ. ಕುಬಾತ್‌ಬೆಕ್‌ನ ಕೈ ಹಿಡಿದೆ. ಅವನು ಹೌಹಾರಿದ. ಆ ಕೈಯ ಮೇಲೆ ಗಂಟನ್ನು ಇಟ್ಟೆ.

"ಅಲ್ಲಿ ದೃಷ್ಟಿ ಇರ್ಲಿಲ್ಲ ಸಾಹೇಬ್ರೆ. ಕಂಬ ಇತ್ತು."

"ಅಲ್ಲ ತಾಯಿ, ಗಾಡಿ ಬೇಡ್ವಾ ನಿಮಗೆ? ಒಂದು ಹಿಡಿ ಸೊಪ್ಪು. ಒಂದು ಸುತ್ತು. ಏನು ಹೋಗುತ್ತೆ ನಿಮ್ಮದು?"

ತುರ್ದಿ ನನ್ನನ್ನೇ ನೋಡುತ್ತಿದ್ದ. ಕೆಳಗೆ ಎರ್ಗಾಶ್ ಕಾಯುತ್ತಿದ್ದ. ನಾನು ಎದ್ದು ಅಂಗಳದ ಅಂಚಿಗೆ ಹೋಗಿ, ಅವನಿಗೂ ಕೇಳಲಿ ಅಂತ, ಗಂಡ ಬಜಾರಿನಲ್ಲಿ ಕೂಗುತ್ತಿದ್ದಷ್ಟೇ ಗಟ್ಟಿಯಾಗಿ ಹೇಳಿದೆ.

"ಹಾಕಲ್ಲ!"